ಕೊಸರು

ಕಿಲ್‌ಗೋರನ ಅಂಗಡಿಯ ಕೌಂಟರಿನ ಅಂಚಿಗೆ
ಎರಡು ಹಿತ್ತಾಳೆ ಮೊಳೆ.
ಈ ಮೊಳೆಯಿಂದ ಆ ಮೊಳೆಗೆ ಒಂದು ಗಜ.
ಫ್ಲಾನೆಲ್ಲೋ, ಚೀಟಿಬಟ್ಟೆಯೋ, ಹೆಣಕ್ಕೆ ಹೊದಿಸುವ ಬಿಳಿಯದೋ
ಎಳೆದು ಹಿಡಿದು
ಕೊನೆಗೊಂದು ಹೆಬ್ಬೆರಳಗಲ ಮುಂದೆ ಜಾರಿಸಿ
ಕತ್ತರಿ ಹಾಕುತ್ತಿದ್ದ.
ಆ ಬೆರಳಗಲ, ಕೊಸರು.
ಲೆಕ್ಕಕ್ಕಿಲ್ಲ, ಉದ್ದರಿ ಪುಸ್ತಕದಲ್ಲೂ ಇಲ್ಲ.

ನಾನು ಒಸ್ತಾಪ್, ಆಗ ಹನ್ನೊಂದು ವರ್ಷ.
ಪೀಪಾಯಿ ಹತ್ತಿ ನಿಂತರೆ ಗಲ್ಲಾಪೆಟ್ಟಿಗೆ ಕಾಣುವಷ್ಟು ಎತ್ತರ.
ಅಪ್ಪನಿಗೆ ಇಂಗ್ಲಿಷ್ ಬಾರದು,
ಕಿಲ್‌ಗೋರನಿಗೆ ನಮ್ಮ ಉಕ್ರೇನಿಯನ್ ಬಾರದು,
ಇಬ್ಬರ ನಡುವೆ ನಾನು,
ದಿನಕ್ಕೆ ಹದಿನೈದು ಸೆಂಟಿನ ನಾಲಿಗೆ.

ಲಾರ್ಕ್‌ಮೀಡ್ ಅಂದರೆ ಏನಿತ್ತು ಮಹಾ?
ಒಂದು ಅಂಗಡಿ, ಒಂದು ಕುಲುಮೆ, ಗಂಟೆಯಿಲ್ಲದ ಚರ್ಚು,
ಮಿಕ್ಕಿದ್ದೆಲ್ಲ ಗಾಳಿ.
ಚುನಾವಣೆ ಬಂದಾಗ ಊರವರು ಆತನನ್ನೇ ಹಿಡಿದರು.
ಮತದಾರರ ಹೆಸರು ಹಾಗಿರಲಿ,
ಬೂಟಿನ ಅಳತೆಯೂ ಗೊತ್ತಿದ್ದವ ಆತನೊಬ್ಬನೇ.
ಪೀಪಾಯಿ ಮೇಲೆ ನಿಂತು ಒಂದೇ ಮಾತು:
‘ರೈಲು ತರಿಸುತ್ತೇನೆ.’
ಚಪ್ಪಾಳೆಗೆ ಕುದುರೆಗಳು ಬೆದರಿದವು.

ರೆಜೈನಾದ ಸಭೆಯಲ್ಲಿ ನಾಲ್ಕು ವರ್ಷಕ್ಕೆ
ಎರಡೇ ಸಲ ಬಾಯಿ ತೆರೆದನಂತೆ.
ಒಮ್ಮೆ, ಆ ಕಿಟಕಿ ಮುಚ್ಚಿ, ಎಂದು.
ಇನ್ನೊಮ್ಮೆ, ರೈಲಿನ ದಾರಿಯ ಬಗ್ಗೆ:
‘ನಮ್ಮೂರಿಗೆ ಬರಬೇಕಾದರೆ ಕಮರಿಗೆ ಸೇತುವೆ,
ಎಂಬತ್ತು ಸಾವಿರ.
ನೆದರ್‌ಬಿಯಲ್ಲಿ ನೆಲ ಅಂಗೈಯಂತೆ ಸಮ.
ದುಡ್ಡು ನನ್ನದಲ್ಲ.’
ಕೂತ. ನೆದರ್‌ಬಿಗೆ ಕೈಯೆತ್ತಿದ.

ಸುದ್ದಿ ಆತನಿಗಿಂತ ಮೊದಲೇ ಊರಿಗೆ ಬಂತು.
ಅಂಗಡಿ ಮೆಟ್ಟಿಲ ಮೇಲೆ ಸತ್ತ ಬೆಕ್ಕು.
ನೆದರ್‌ಬಿಯಲ್ಲಿ ಮೊದಲೇ ಜಾಗ ಕೊಂಡಿದ್ದಾನೆ, ಅಂದರು.
ಇದ್ದರೂ ಇರಬಹುದು; ನಾನು ಕೇಳಲಿಲ್ಲ.
ಹೆಂಡತಿ ಯೂಫೀಮಿಯಾ ಕೇಳಿದ್ದಿಷ್ಟೆ,
‘ಇನ್ನು ಉಪ್ಪು ಯಾರಿಗೆ ಮಾರುತ್ತೀ, ಥಡಿಯಸ್,
ಮೊಲಗಳಿಗಾ?’

ಫೆಬ್ರವರಿಯಲ್ಲಿ, ಹಿಮ ಕಲ್ಲಾದ ಮೇಲೆ,
ಅಂಗಡಿಯನ್ನೇ ದಿಮ್ಮಿಗಳ ಮೇಲೆ ಎತ್ತಿಟ್ಟೆವು.
ಇಪ್ಪತ್ತು ಜೋಡಿ ಕುದುರೆ ಬೇಕಿತ್ತು, ಬಂದದ್ದು ಏಳು,
ಮತ್ತೆ ಅಪ್ಪನ ಎತ್ತುಗಳು.
ಒಂಬತ್ತು ಮೈಲಿ, ಮೂರು ದಿನ.
ಒಳಗೆ ಒಲೆ ಉರಿಯುತ್ತಲೇ ಇತ್ತು,
ಚಿಮಣಿಯ ಹೊಗೆ ಹಿಂದಕ್ಕೆ ಬಾಗಿ,
ಹಡಗೊಂದು ಬಿಳಿ ಸಮುದ್ರದಲ್ಲಿ ಅಂದುಕೊಂಡೆ
(ಸಮುದ್ರ ನೆನಪಿದ್ದವನಲ್ಲ ನಾನು;
ದಾಟುವಾಗ ಅಮ್ಮನ ಶಾಲಿನೊಳಗಿದ್ದೆನಂತೆ).
ಪೆಪ್ಪರ್‌ಮಿಂಟ್ ಭರಣಿ ದಾರಿಯುದ್ದಕ್ಕೂ ಕಟಕಟ.

ಎರಡನೆಯ ದಿನ, ಎಲ್ಲೂ ಅಲ್ಲದ ಕಡೆ,
ಬ್ಯಾರ್ನಾಸನ್ ಮುದುಕಿ ಹಿಮ ತುಳಿಯುತ್ತ ಬಂದು
ಚಲಿಸುವ ಬಾಗಿಲು ತಟ್ಟಿದಳು:
‘ಕಪ್ಪು ರಿಬ್ಬನ್ನು, ಎರಡು ಗಜ.’
ಯಾರು ಹೋದರೆಂದು ಆತ ಕೇಳಲಿಲ್ಲ.
ಕುದುರೆ ನಿಲ್ಲಿಸಿದ. ಟೋಪಿ ತೆಗೆದ.
ಮೊಳೆಯಿಂದ ಮೊಳೆಗೆ ಎಳೆದ, ಎರಡು ಸಲ,
ಎರಡೂ ಸಲ ಹೆಬ್ಬೆರಳು ಮುಂದೆ.
ಆ ದಿನದ ಬೋಣಿ ಅದು,
ಆ ದಿನದ ವ್ಯಾಪಾರವೂ ಅಷ್ಟೆ.

ಮುಂದಿನ ಚುನಾವಣೆಯಲ್ಲಿ ಹರಾಜು ಕೂಗುವವನೊಬ್ಬ
ಮೂವತ್ತೊಂದು ಮತದಿಂದ ಸೋಲಿಸಿದ.
ಲಾರ್ಕ್‌ಮೀಡಿನದು ಒಂದೂ ಬೀಳಲಿಲ್ಲ,
ಕುಲುಮೆಯವನ ಹೊರತು; ಅವನೂ ಕುಡಿದಿದ್ದನಂತೆ.
ಫಲಿತಾಂಶ ಕೇಳಿ ಆತ ಪೊರಕೆ ತಗೊಂಡ,
ಮಾತಾಡದೆ ಅಂಗಡಿ ಗುಡಿಸಿದ,
ಗುಡಿಸಿದ್ದನ್ನೇ ಮತ್ತೆ ಗುಡಿಸಿದ.

ಆತ ಸತ್ತಾಗ ಅದೇ ಹರಾಜಿನವ ಸಾಮಾನು ಕೂಗಿದ.
ಕೌಂಟರಿನ ಹಲಗೆ ನನಗೆ ಬಂತು, ಎರಡು ಡಾಲರಿಗೆ.
ಈಗ ಅಡುಗೆಮನೆಯ ಮೇಜು.

ಹೋದ ಭಾನುವಾರ ಮಗಳು ಹಲೀನಾ
ಪರದೆ ಹೊಲಿಯಲು ಕೂತವಳು
ಸುಮ್ಮನೆ ಉಕ್ಕಿನ ಟೇಪು ಹಿಡಿದಳು, ಮೊಳೆಯಿಂದ ಮೊಳೆಗೆ:
‘ಅಪ್ಪಾ, ಇದು ಗಜವಲ್ಲ,
ಮೂವತ್ತೈದೇ ಇಂಚು.’

ನನ್ನ ಹೆಬ್ಬೆರಳು ಇಟ್ಟು ನೋಡಿದೆ.
ಸರಿಹೋಯಿತು.

ಮೊಳೆ ಬಡಿದವರು ಯಾರು?
ಆತ ಹಲಗೆ ತಂದದ್ದು ವಿನಿಪೆಗ್‌ನ ಹಳೆ ಅಂಗಡಿಯಿಂದ ಅಂತ ನೆನಪು.
ಕಿತ್ತು ಸರಿಯಾಗಿ ಬಡಿಯಬಹುದಿತ್ತಲ್ಲ
ಎನ್ನುತ್ತಾಳೆ ಹಲೀನಾ.
ಹೌದು, ಬಡಿಯಬಹುದಿತ್ತು.
ಪರದೆಗೆ ಎಷ್ಟು ಗಜ ಬೇಕು, ಹೇಳು, ಅಂದೆ.